ಎತ್ತರದ ದೇಹಕ್ಕೆ ತಕ್ಕ ಸೈಕಲ್: ಚೌಕಟ್ಟಿನ ಆಯ್ಕೆಯಲ್ಲಿ ವಿವೇಕ

ಗದಗ ತಾಲೂಕಿನ ಹರ್ತಿ ಗ್ರಾಮವು ನಮ್ಮ ಓದುಗ ಬಾಂಧವರಿಗೆ ಅಪರಿಚಿತವಾದುದೇನಲ್ಲ. ಅಲ್ಲಿಯ ಶ್ರೀ ಬಸವೇಶ್ವರನ ಜಾತ್ರೆಗೆ ಹೋಗಿಬಂದವರು ನಮ್ಮಲ್ಲಿ ಅನೇಕರಿದ್ದಾರೆ. ಚಾಲುಕ್ಯರ ಕಾಲದ ಕೆತ್ತನೆಯುಳ್ಳ ಪಾರ್ವತಿ-ಪರಮೇಶ್ವರ ದೇವಾಲಯವನ್ನು ಕಂಡು ಬೆರಗಾದವರೂ ಇದ್ದಾರೆ. ಆದರೆ ಈ ಸಂಚಿಕೆಯಲ್ಲಿ ನಾವು ಆ ಊರಿನ ದೇವಾಲಯಗಳ ಕುರಿತು ಬರೆಯುತ್ತಿಲ್ಲ. ಅಲ್ಲಿಯ ಒಂದು ಭಕ್ತ ಕುಟುಂಬದ ತರುಣನು ನಮ್ಮೆದುರು ತಂದಿಟ್ಟ ಒಂದು ಮುರಿದ ಸೈಕಲ್ಲಿನ ಕುರಿತು ಬರೆಯುತ್ತಿದ್ದೇವೆ. ಧಾರ್ಮಿಕ ಮಾಸಪತ್ರಿಕೆಯಲ್ಲಿ ಸೈಕಲ್ಲಿನ ವಿಚಾರವೇಕೆಂದು ಹಿರಿಯರು ಹುಬ್ಬೇರಿಸಬಹುದು. ಲೇಖನವನ್ನು ಕೊನೆಯವರೆಗೆ ಓದಿ ಆಮೇಲೆ ತೀರ್ಮಾನಿಸಬೇಕೆಂದು ವಿನಂತಿಸುತ್ತೇವೆ.

ಆ ತರುಣನದು ಆರು ಅಡಿ ಮೂರು ಅಂಗುಲದ ಎತ್ತರ. ಅಜ್ಜನು ಗರಡಿಮನೆಯಲ್ಲಿ ಪಳಗಿದ ಪೈಲ್ವಾನ. ಮೊಮ್ಮಗನಿಗೂ ಅದೇ ಮೈಕಟ್ಟು ಬಂದಿದೆ. ಆದರೆ ಗರಡಿಯ ಸಾಮು ಬರಲಿಲ್ಲ, ಕುಳಿತು ಮಾಡುವ ನೌಕರಿ ಬಂದಿತು. ಮೂವತ್ತೈದು ತುಂಬುವಷ್ಟರಲ್ಲಿ ತೂಕ 110 ಕಿಲೋ ಮುಟ್ಟಿತು. ರಕ್ತ ಪರೀಕ್ಷೆಯಲ್ಲಿ ಸಕ್ಕರೆಯ ಅಂಶ ಹೆಚ್ಚಿರುವುದು ಕಂಡಿತು. ಮೊಣಕಾಲಿನ ಮೇಲೆ ಭಾರ ಬೀಳದಂತೆ ನಿತ್ಯ ಸೈಕಲ್ ತುಳಿಯುವುದು ಒಳ್ಳೆಯದೆಂದು ವೈದ್ಯರು ಸೂಚಿಸಿದರು. ಆತನು ಉತ್ಸಾಹದಿಂದ ಪಟ್ಟಣಕ್ಕೆ ಹೋಗಿ ಅಂಗಡಿಯೊಂದರಲ್ಲಿ ಥಳಥಳಿಸುವ, ಒಂದೇ ಕೈಯಲ್ಲಿ ಎತ್ತಬಹುದಾದಷ್ಟು ಹಗುರವಾದ ಓಟದ ಸೈಕಲ್ಲನ್ನು ಕೊಂಡು ತಂದನು. ಐದನೆಯ ತಿಂಗಳಲ್ಲಿ ಸೀಟಿನ ಕೆಳಗೆ ಚೌಕಟ್ಟು ಸೀಳಿತು. ಬಿದ್ದ ರಭಸಕ್ಕೆ ಮುಂಗೈ ಮುರಿಯಿತು.

ಕೈಗೆ ಪಟ್ಟಿ ಕಟ್ಟಿಕೊಂಡೇ ಆತನು ತಾಯಿಯೊಡನೆ ನಮ್ಮಲ್ಲಿಗೆ ಬಂದಿದ್ದನು. "ಅಜ್ಜಾರ, ಇವಗ ಇನ್ನ ಸೈಕಲ್ ಬ್ಯಾಡ ಅಂತ ನೀವರ ಹೇಳ್ರಿ" ಎಂದು ಆ ತಾಯಿ ಕೈಮುಗಿದರು. ಮಗನು ತಲೆ ತಗ್ಗಿಸಿ, "ನನ್ನ ಮೈಭಾರ ಹೊರೋ ಸೈಕಲ್ ಇಲ್ರೀ ಅಜ್ಜಾರ. ಅಂಗಡ್ಯಾಗ ನಕ್ರು" ಎಂದನು. ಮುರಿದ ಕೈಗಿಂತ ಆ ನಗುವೇ ಅವನನ್ನು ಹೆಚ್ಚು ನೋಯಿಸಿತ್ತು. ವೈದ್ಯರು ತೋರಿದ ದಾರಿಯನ್ನು ಆತನು ಲಜ್ಜೆಯಿಂದಲೇ ಬಿಟ್ಟುಬಿಡುವ ಹಂತಕ್ಕೆ ಬಂದಿದ್ದನು. ನಮ್ಮ ಸಮಾಜದಲ್ಲಿ ಇಂಥ ದೊಡ್ಡ ಮೈಕಟ್ಟಿನವರು ಕಡಿಮೆಯೇನಿಲ್ಲ. ಲಿಂಗವನ್ನು ಧರಿಸಿದ ಈ ಅಂಗವು ಯಾವ ಅಳತೆಯದಾದರೂ ಗೌರವಕ್ಕೆ ಪಾತ್ರವೆಂದು ನಂಬಿದವರು ನಾವು. ಆದ್ದರಿಂದ ತಾಯಿಗೆ ಉತ್ತರ ಹೇಳುವ ಮೊದಲು ಆ ಮುರಿದ ಸೈಕಲ್ಲನ್ನು ತರಿಸಿ ನೋಡಿದೆವು.

ಮುರಿದ ಚೌಕಟ್ಟು ಹೇಳಿದ ಮಾತು

ಸೈಕಲ್ಲಿನ ವಿಚಾರದಲ್ಲಿ ನಾವು ತೀರ ಅರಿಯದವರಲ್ಲ. 1970ರ ದಶಕದಲ್ಲಿ ಮಠದ ಪ್ರಸಾದ ನಿಲಯದಲ್ಲಿದ್ದು ಓದುತ್ತಿದ್ದಾಗ ಮಠದ್ದೊಂದು ಡಬಲ್ ಬಾರಿನ ಸೈಕಲ್ ಇತ್ತು. ಅದರ ಚೌಕಟ್ಟು 24 ಅಂಗುಲದ್ದು. ಹಳ್ಳಿಗಳಿಂದ ಭಕ್ತರು ಕೊಟ್ಟ ಜೋಳವನ್ನು ಅದರ ಕ್ಯಾರಿಯರಿನ ಮೇಲೆ ಹೇರಿಕೊಂಡು ತರುವುದು ನಮ್ಮ ಪಾಲಿನ ಕಾಯಕವಾಗಿತ್ತು. ಅರ್ಧ ಚೀಲ ಜೋಳ, ಅದರೊಂದಿಗೆ ಅಂದಿನ ನಮ್ಮ ಪುಷ್ಟ ದೇಹ, ಎರಡನ್ನೂ ಹೊತ್ತು ಆ ಸೈಕಲ್ ಎರೆಹೊಲದ ದಾರಿಯಲ್ಲಿ ವರ್ಷಗಟ್ಟಲೆ ಓಡಿತು. ಕಡ್ಡಿಗಳು ಮುರಿದವು, ಟೈರುಗಳು ಸವೆದವು. ಚೌಕಟ್ಟು ಮಾತ್ರ ಅಲುಗಲಿಲ್ಲ. 110 ಕಿಲೋ ಹೊರುವ ಸೈಕಲ್ಲೇ ಇಲ್ಲವೆಂಬ ಮಾತನ್ನು ನಾವು ಹೇಗೆ ಒಪ್ಪುವುದು?

ತರುಣನ ಸೈಕಲ್ಲಿನಲ್ಲಿ ನಾವು ಮೊದಲು ನೋಡಿದ್ದು ಸೀಟಿನ ಕೊಳವೆಯನ್ನು. ಸೀಟನ್ನು ಹೊತ್ತ ಈ ಕೊಳವೆಯ ಮೇಲೆ ಒಂದು ಗೆರೆ ಕೊರೆದಿರುತ್ತದೆ. ಆ ಗೆರೆಯು ಚೌಕಟ್ಟಿನೊಳಗೆ ಮುಳುಗಿರಲೇಬೇಕು. ಅದಕ್ಕಿಂತ ಮೇಲಕ್ಕೆ ಸೀಟನ್ನು ಏರಿಸಬಾರದು ಎಂಬುದು ಅದರ ಅರ್ಥ. ಇಲ್ಲಿ ಆ ಗೆರೆಯು ಹೊರಗೆ ಕಾಣುತ್ತಿತ್ತು. ಕೊಳವೆಯು ಒಳಗಿದ್ದುದು ಬರಿಯ 5 ಸೆಂಟಿಮೀಟರ್, ಹೊರಗಿದ್ದುದು 20 ಸೆಂಟಿಮೀಟರ್. ಹಾರೆಯ ತುದಿಯನ್ನು ಬಂಡೆಯ ಅಡಿಗೆ ತುಸುವೇ ತೂರಿಸಿ, ಉದ್ದವಾದ ಹಿಡಿಯನ್ನು ಒತ್ತಿದರೆ ಎಂಥ ಬಂಡೆಯೂ ಏಳುತ್ತದೆ. ಅದೇ ನ್ಯಾಯ ಇಲ್ಲಿಯೂ ನಡೆಯಿತು. ಸೀಟಿನ ಕೊಳವೆಯು ಹಿಂದಕ್ಕೆ ವಾಲಿ ನಿಂತಿರುವುದರಿಂದ ಸವಾರನ ಭಾರದ ಒಂದು ಪಾಲು ಅದನ್ನು ಸದಾ ಹಿಂದಕ್ಕೆ ಬಗ್ಗಿಸುತ್ತಿರುತ್ತದೆ. ಅಷ್ಟೇ ಎತ್ತರದ ಸೀಟಿಗೆ 12 ಸೆಂಟಿಮೀಟರ್ ಹಿಡಿತವಿದ್ದಿದ್ದರೆ ಚೌಕಟ್ಟಿನ ಬಾಯಿಯ ಮೇಲೆ ಬೀಳುವ ಒತ್ತಡವು ಸುಮಾರು ಅರ್ಧದಷ್ಟಾಗುತ್ತಿತ್ತು. ನಿತ್ಯ ಸಾವಿರಾರು ಬಾರಿ ಎಳೆದಾಡಿದ ಮೇಲೆ ಲೋಹವು ಸೀಳಿದುದರಲ್ಲಿ ಆಶ್ಚರ್ಯವೇನಿದೆ?

ಎಂದರೆ ದೋಷವು ಆತನ ಮೈಭಾರದ್ದಾಗಿರಲಿಲ್ಲ. ಐದೂವರೆ ಅಡಿಯವನಿಗೆ ಹೊಂದುವ ಚೌಕಟ್ಟನ್ನು ಆರು ಅಡಿ ಮೂರು ಅಂಗುಲದವನಿಗೆ ಕೊಟ್ಟು, ಸೀಟನ್ನು ಎಳೆದೆಳೆದು ಸರಿಹೊಂದಿಸಿದ್ದರು. ಈ ಮಾತನ್ನು ಕೇಳಿದಾಗ ಆ ತರುಣನ ಮುಖದಲ್ಲಿ ಮೂಡಿದ ಸಮಾಧಾನವೇ ಈ ಲೇಖನಕ್ಕೆ ಪ್ರೇರಣೆ.

ಮೊದಲು ಅಳತೆ

ಅಂಗಿ ಹೊಲಿಸುವ ಮುನ್ನ ಸಿಂಪಿಗನಿಗೆ ಅಳತೆ ಕೊಡುವ ನಾವು, ಜೀವವನ್ನೇ ಒಪ್ಪಿಸುವ ಸೈಕಲ್ಲಿಗೆ ಅಳತೆ ಕೊಡದಿರುವುದು ವಿಚಿತ್ರವಾಗಿದೆ. ಅಳೆಯುವ ಕ್ರಮ ಸುಲಭ. ಬರಿಗಾಲಿನಲ್ಲಿ ಗೋಡೆಗೆ ಬೆನ್ನು ಹಚ್ಚಿ ನಿಲ್ಲಬೇಕು. ಗಟ್ಟಿ ರಟ್ಟಿನ ಪುಸ್ತಕವೊಂದನ್ನು ತೊಡೆಗಳ ನಡುವೆ, ಸೀಟಿನ ಮೇಲೆ ಕುಳಿತಂತೆ, ಮೇಲಕ್ಕೆ ಒತ್ತಿ ಹಿಡಿಯಬೇಕು. ಪುಸ್ತಕದ ಮೇಲಂಚಿನಿಂದ ನೆಲದವರೆಗಿನ ಅಂತರವೇ ಕಾಲಿನ ಒಳಅಳತೆ. ಓಟದ ಸೈಕಲ್ಲಿಗೆ ಈ ಅಳತೆಯನ್ನು 0.67ರಿಂದ ಗುಣಿಸಿದರೆ ಬೇಕಾದ ಚೌಕಟ್ಟಿನ ಎತ್ತರ ದೊರೆಯುತ್ತದೆ. 1986, 1989 ಮತ್ತು 1990ರಲ್ಲಿ ಟೂರ್ ಡಿ ಫ್ರಾನ್ಸ್ ಪಂದ್ಯವನ್ನು ಗೆದ್ದ ಅಮೆರಿಕದ ಗ್ರೆಗ್ ಲೆಮಾಂಡ್ ಅವರ ಹೆಸರಿನಿಂದ ಪ್ರಸಿದ್ಧವಾದ ಲೆಕ್ಕವಿದು. ನಮ್ಮ ತರುಣನ ಒಳಅಳತೆ 92 ಸೆಂಟಿಮೀಟರ್. ಲೆಕ್ಕದಂತೆ ಆತನಿಗೆ ಬೇಕಾದುದು 61ರಿಂದ 62 ಸೆಂಟಿಮೀಟರಿನ ಚೌಕಟ್ಟು; ಅವನಿಗೆ ಮಾರಿದ್ದು 54ರದ್ದು. 61 ಸೆಂಟಿಮೀಟರ್ ಎಂದರೆ 24 ಅಂಗುಲ. ನಮ್ಮ ಮಠದ ಹಳೆಯ ಸೈಕಲ್ಲಿನ ಅಳತೆಯೂ ಅದೇ ಅಲ್ಲವೇ? ಹಳೆಯ ಕಾಲದ ಅಂಗಡಿಕಾರರು ಗಿರಾಕಿಯನ್ನು ಒಮ್ಮೆ ಅಡಿಯಿಂದ ಮುಡಿಯವರೆಗೆ ನೋಡಿ 22 ಅಂಗುಲದ್ದೋ 24 ಅಂಗುಲದ್ದೋ ಎಂದು ನಿರ್ಧರಿಸುತ್ತಿದ್ದುದರಲ್ಲಿ ಅನುಭವದ ವಿವೇಕವಿತ್ತು.

ಇತ್ತೀಚಿನ ಸೈಕಲ್ಲುಗಳಲ್ಲಿ ಮೇಲಿನ ಬಾರು ಹಿಂದಕ್ಕೆ ಇಳಿಜಾರಾಗಿರುತ್ತದೆ. ಅವುಗಳಿಗೆ ಈ ಲೆಕ್ಕ ನೇರವಾಗಿ ಒಪ್ಪುವುದಿಲ್ಲ. ಅಂಥಲ್ಲಿ ತಯಾರಕರು ಕೊಡುವ ಪಟ್ಟಿಯಲ್ಲಿ ಎರಡು ಅಂಕಿಗಳನ್ನು ನೋಡಬೇಕು. ಪೆಡಲಿನ ಅಚ್ಚಿನ ಮಧ್ಯದಿಂದ ಹ್ಯಾಂಡಲಿನ ಕೊಳವೆಯ ತುದಿಯವರೆಗಿನ ನೇರ ಎತ್ತರಕ್ಕೆ ಸ್ಟ್ಯಾಕ್ ಎಂದೂ, ಅದೇ ತುದಿಗೆ ಇರುವ ಅಡ್ಡಳತೆಗೆ ರೀಚ್ ಎಂದೂ ಹೆಸರು. ಎತ್ತರದವರಿಗೆ ಸ್ಟ್ಯಾಕ್ ಹೆಚ್ಚಿರುವುದೇ ಲೇಸು. ಇಲ್ಲವಾದರೆ ಹ್ಯಾಂಡಲ್ ಬಹಳ ಕೆಳಗಾಗಿ ಬೆನ್ನು, ಕೊರಳು, ಅಂಗೈಗಳು ನೋಯತೊಡಗುತ್ತವೆ. ಹೊಟ್ಟೆ ಬಂದವರಿಗಂತೂ ಬಾಗಿ ತುಳಿಯುವುದರಿಂದ ಉಸಿರೇ ಕಟ್ಟಿದಂತಾಗುತ್ತದೆ.

ಪ್ರಸಂಗವಶಾತ್ ಒಂದು ಮಾತು. ಮುಂದಕ್ಕೆ ಬಾಗಿ ತುಳಿಯುವ ಸೈಕಲ್ಲಿನಲ್ಲಿ ಕೊರಳಲ್ಲಿಯ ಇಷ್ಟಲಿಂಗದ ಕರಡಿಗೆಯು ಜೋಲಾಡುತ್ತದೆ, ಹ್ಯಾಂಡಲಿಗೆ ತಾಗುವ ಸಂಭವವೂ ಉಂಟು. ಶಿವದಾರವನ್ನು ಗಿಡ್ಡ ಮಾಡಿಕೊಂಡು ಒಳಅಂಗಿಯ ಕೆಳಗೆ ಎದೆಗೊತ್ತಿ ಇರಿಸಿಕೊಳ್ಳುವುದು ಉಚಿತ. ಹ್ಯಾಂಡಲ್ ತಕ್ಕ ಎತ್ತರದಲ್ಲಿದ್ದರೆ ಈ ತೊಂದರೆಯೂ ಕಡಿಮೆ.

ಯಾವ ಲೋಹ ಲೇಸು?

ಇಂದು ಮಾರುಕಟ್ಟೆಯಲ್ಲಿ ಉಕ್ಕು, ಅಲ್ಯೂಮಿನಿಯಂ, ಕಾರ್ಬನ್ ಫೈಬರ್ ಎಂಬ ಮೂರು ಬಗೆಯ ಚೌಕಟ್ಟುಗಳು ಮುಖ್ಯವಾಗಿ ದೊರೆಯುತ್ತವೆ. ಟೈಟೇನಿಯಂ ಲೋಹದವೂ ಉಂಟು. ಅವು ಬಾಳಿಕೆಯವೇ ಆದರೂ ಸಾಮಾನ್ಯ ಗೃಹಸ್ಥನ ಕೈಗೆಟುಕುವಂಥವಲ್ಲ.

ಒಂದೇ ಗಾತ್ರದ ತುಂಡುಗಳನ್ನು ಹೋಲಿಸಿದರೆ ಉಕ್ಕಿನ ತೂಕವು ಅಲ್ಯೂಮಿನಿಯಂನ ಸುಮಾರು ಮೂರರಷ್ಟು. ಬಾಗದೆ ನಿಲ್ಲುವ ಬಿಗುವೂ ಸುಮಾರು ಮೂರರಷ್ಟು. ಆದ್ದರಿಂದಲೇ ಅಲ್ಯೂಮಿನಿಯಂ ಚೌಕಟ್ಟುಗಳ ಕೊಳವೆಗಳನ್ನು ದಪ್ಪವಾಗಿ ಮಾಡಿರುತ್ತಾರೆ. ಹಾಗೆ ಸರಿಯಾಗಿ ಮಾಡಿದ ಅಲ್ಯೂಮಿನಿಯಂ ಚೌಕಟ್ಟು ಭಾರವಾದ ಸವಾರನನ್ನೂ ಹೊರಬಲ್ಲದು. ಆದರೆ ಎರಡು ಲೋಹಗಳ ಸ್ವಭಾವದಲ್ಲಿ ಒಂದು ಮುಖ್ಯ ಭೇದವಿದೆ. ಒಂದು ಮಿತಿಯೊಳಗಿನ ಎಳೆತವನ್ನು ಉಕ್ಕು ಎಷ್ಟು ಬಾರಿಯಾದರೂ ತಾಳಿಕೊಳ್ಳುತ್ತದೆ. ಅಲ್ಯೂಮಿನಿಯಂಗೆ ಅಂಥ ಮಿತಿಯಿಲ್ಲ. ಸಣ್ಣ ಸಣ್ಣ ಎಳೆತಗಳೂ ಅದರಲ್ಲಿ ದಣಿವಾಗಿ ಸಂಗ್ರಹವಾಗುತ್ತ ಹೋಗುತ್ತವೆ. ಉಕ್ಕು ಸೀಳುವಾಗ ಬಹುಮಟ್ಟಿಗೆ ನಿಧಾನವಾಗಿ ಸೀಳುತ್ತದೆ, ಕಿರುಗುಟ್ಟಿ ಎಚ್ಚರಿಸುತ್ತದೆ. ಸೀಳಿದ ಉಕ್ಕನ್ನು ನುರಿತ ಬೆಸುಗೆಗಾರನು ಗದಗ-ಬೆಟಗೇರಿಯಲ್ಲಿಯೇ ಬೆಸೆದು ಕೊಡಬಲ್ಲನು. ಅಲ್ಯೂಮಿನಿಯಂ ಚೌಕಟ್ಟಿಗಾದರೋ ಬೆಸುಗೆಯ ನಂತರ ಕುಲುಮೆಯಲ್ಲಿ ಮತ್ತೆ ಹದ ಕೊಡದಿದ್ದರೆ ಬೆಸೆದ ಜಾಗವು ದುರ್ಬಲವಾಗಿಯೇ ಉಳಿಯುತ್ತದೆ.

ಕಾರ್ಬನ್ ಫೈಬರ್ ಬಹಳ ಗಟ್ಟಿಯಾದ, ಬಹಳ ಹಗುರವಾದ ವಸ್ತು. ಆದರೆ ಕಲ್ಲಿನ ಪೆಟ್ಟು ಬಿದ್ದಾಗ ಹೊರಗೆ ಗೀರೂ ಕಾಣದೆ ಒಳಗಿನ ಪದರಗಳು ಬಿಟ್ಟಿರಬಹುದು. ಬರಿಗಣ್ಣಿಗೆ ಕಾಣದ ಆ ದೋಷವನ್ನು ಪರೀಕ್ಷಿಸಲು ನಮ್ಮ ಹಳ್ಳಿಗಳಲ್ಲಿ ಅನುಕೂಲವಿಲ್ಲ. ವಿಜಯಪುರ, ಬಾಗಲಕೋಟೆ, ಗದಗ ಜಿಲ್ಲೆಗಳ ಹಳ್ಳಿಗಳಿಂದ ರಾಷ್ಟ್ರಮಟ್ಟದ ಸೈಕಲ್ ಪಟುಗಳು ಬಂದಿರುವುದು ನಮಗೆಲ್ಲ ಅಭಿಮಾನದ ಸಂಗತಿ. ಆ ಪಟುಗಳದು ಬೆತ್ತದಂಥ ತೆಳುವಾದ ದೇಹ. ಅವರಿಗೆ ಕ್ಷಣಕ್ಷಣವೂ ಅಮೂಲ್ಯ. ಅವರ ಸೈಕಲ್ಲನ್ನು ಕಂಡು ಅಂಥದೇ ನಮಗೂ ಬೇಕೆಂದು ಹಟ ಹಿಡಿಯುವುದು ತರವಲ್ಲ. 110 ಕಿಲೋ ತೂಗುವವನು ಒಂದು ಕಿಲೋ ಹಗುರವಾದ ಚೌಕಟ್ಟಿಗೆ ದುಪ್ಪಟ್ಟು ಹಣ ತೆತ್ತರೆ, ಒಟ್ಟು ಭಾರದಲ್ಲಿ ಉಳಿಯುವುದು ನೂರಕ್ಕೆ ಒಂದು ಪಾಲಿಗಿಂತಲೂ ಕಡಿಮೆ.

ನಮ್ಮ ಸಲಹೆಯೆಂದರೆ ಕ್ರೋಮಿಯಂ ಮತ್ತು ಮಾಲಿಬ್ಡಿನಂ ಬೆರೆಸಿದ ಉಕ್ಕು. ಅಂಗಡಿಗಳಲ್ಲಿ ಇದಕ್ಕೆ ಕ್ರೋಮೋಲಿ ಎನ್ನುತ್ತಾರೆ. ಸಾಮಾನ್ಯ ಉಕ್ಕಿಗಿಂತ ಇದರ ಶಕ್ತಿ ಹೆಚ್ಚಾದ್ದರಿಂದ ಕೊಳವೆಯ ಗೋಡೆಯನ್ನು ತೆಳುವಾಗಿಸಿ ಭಾರವನ್ನು ತಗ್ಗಿಸಬಹುದು. ಇಂಥ ಮಿಶ್ರ ಉಕ್ಕಿನ ಪರಂಪರೆ ಹಳೆಯದು. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನ ರೆನಾಲ್ಡ್ಸ್ ಸಂಸ್ಥೆಯು ಮ್ಯಾಂಗನೀಸ್ ಮತ್ತು ಮಾಲಿಬ್ಡಿನಂ ಬೆರೆತ 531 ಎಂಬ ಉಕ್ಕಿನ ಕೊಳವೆಗಳನ್ನು 1935ರಲ್ಲಿಯೇ ಹೊರತಂದಿತು. ಆ ಕೊಳವೆಗಳ ಹಳೆಯ ಸೈಕಲ್ಲುಗಳು ಇಂದಿಗೂ ಓಡುತ್ತಿವೆ.

ಕೊಳವೆಯ ದಪ್ಪ ಮತ್ತು ಉದ್ದ

ಲೋಹ ಒಂದೇ ಆದರೂ ಕೊಳವೆಯ ದಪ್ಪದಿಂದ ಬಹಳ ವ್ಯತ್ಯಾಸವಾಗುತ್ತದೆ. ಗೋಡೆಯ ದಪ್ಪ ಅಷ್ಟೇ ಇದ್ದು ಕೊಳವೆಯ ಅಡ್ಡಳತೆ ಎರಡರಷ್ಟಾದರೆ ತೂಕ ಎರಡರಷ್ಟಾಗುತ್ತದೆ. ಬಿಗುವು ಮಾತ್ರ ಸುಮಾರು ಎಂಟರಷ್ಟಾಗುತ್ತದೆ. ಹಳೆಯ ಉಕ್ಕಿನ ಸೈಕಲ್ಲುಗಳಲ್ಲಿ ಕೆಳಬಾರಿನ ಅಡ್ಡಳತೆ 28.6 ಮಿಲಿಮೀಟರ್ ಇರುತ್ತಿತ್ತು. ದಪ್ಪ ಕೊಳವೆಯ ಚೌಕಟ್ಟುಗಳಲ್ಲಿ ಅದು 31.8 ಮಿಲಿಮೀಟರ್ ಇರುತ್ತದೆ. ನೋಡಲು ಮೂರು ಮಿಲಿಮೀಟರಿನ ಅಂತರ. ಬಿಗುವಿನಲ್ಲಿ ಮೂರನೆಯ ಒಂದು ಪಾಲಿಗಿಂತ ಹೆಚ್ಚಿನ ಲಾಭ.

ಎತ್ತರದವರ ಚೌಕಟ್ಟಿನಲ್ಲಿ ಕೊಳವೆಗಳು ಉದ್ದವಾಗಿರುತ್ತವೆ. ಉದ್ದವಾದಷ್ಟೂ ಹೊರಳುವುದು ಹೆಚ್ಚು. ದಿಬ್ಬ ಏರುವಾಗ ಎದ್ದು ನಿಂತು ತುಳಿದರೆ ಹಿಂದಿನ ಗಾಲಿಯು ಬಾಲದಂತೆ ಅಲ್ಲಾಡುವುದು ಇದರಿಂದಲೇ. ಆದ್ದರಿಂದ ದೊಡ್ಡ ಚೌಕಟ್ಟಿಗೆ ದಪ್ಪ ಕೊಳವೆಗಳೇ ಬೇಕು. ನಮ್ಮ ದೇಶದ ಡಬಲ್ ಬಾರಿನ ಸೈಕಲ್ಲಿನಲ್ಲಿ ಮೇಲಿನ ಬಾರಿಗೆ ಜೊತೆಯಾಗಿ ಇನ್ನೊಂದು ಬಾರನ್ನು ಕೂಡಿಸಿದ್ದರ ಉದ್ದೇಶವೂ ಭಾರ ಹೊರುವ ಬಲವೇ. 1885ರಲ್ಲಿ ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ ಜಾನ್ ಕೆಂಪ್ ಸ್ಟಾರ್ಲಿ ತಯಾರಿಸಿದ ರೋವರ್ ಸೈಕಲ್ಲಿನಿಂದ ಬೆಳೆದು ಬಂದ ಚೌಕಟ್ಟಿನ ಆಕಾರಕ್ಕೆ ನಮ್ಮ ಹಾಲಿನವರ, ಸಂತೆಯ ವ್ಯಾಪಾರಿಗಳ ಅಗತ್ಯಕ್ಕೆ ತಕ್ಕಂತೆ ಬಂದ ಸೇರ್ಪಡೆಯಿದು.

ಎರೆಮಣ್ಣು ಮತ್ತು ಗಾಲಿ

ಭಾರವಾದ ಸವಾರನ ಸೈಕಲ್ಲಿನಲ್ಲಿ ಸಾಮಾನ್ಯವಾಗಿ ಮೊದಲು ಸೋಲುವುದು ಹಿಂದಿನ ಗಾಲಿಯ ಕಡ್ಡಿಗಳು. ಹಿಂದಿನ ಗಾಲಿಯ ಮೇಲೆ ಭಾರವು ಹೆಚ್ಚು ಬೀಳುವುದೇ ಕಾರಣ. ಆದ್ದರಿಂದಲೇ ಸಾಂಪ್ರದಾಯಿಕ ಸೈಕಲ್ಲಿನ ಮುಂದಿನ ಗಾಲಿಗೆ 32, ಹಿಂದಿನದಕ್ಕೆ 40 ಕಡ್ಡಿಗಳನ್ನು ಹಾಕುತ್ತಿದ್ದರು. ಇಂದಿನ ಓಟದ ಸೈಕಲ್ಲುಗಳಲ್ಲಿ 20 ಅಥವಾ 24 ಕಡ್ಡಿಗಳಷ್ಟೇ ಇರುವುದುಂಟು. 100 ಕಿಲೋ ಮೀರಿದವರು ಹಿಂದಿನ ಗಾಲಿಗಾದರೂ 36 ಕಡ್ಡಿಗಳಿರುವಂತೆ ನೋಡಿಕೊಳ್ಳಬೇಕು.

ಚೌಕಟ್ಟಿನ ಆಯ್ಕೆಗೂ ಟೈರಿಗೂ ನಿಕಟ ಸಂಬಂಧವಿದೆ. ಕೆಲವು ಓಟದ ಚೌಕಟ್ಟುಗಳಲ್ಲಿ 25 ಮಿಲಿಮೀಟರಿಗಿಂತ ಅಗಲವಾದ ಟೈರು ಹಿಡಿಯುವುದೇ ಇಲ್ಲ. ತೆಳುವಾದ ಟೈರಿನಲ್ಲಿ ಭಾರವಾದವನು ಕುಳಿತು ತಗ್ಗಿಗೆ ಇಳಿದರೆ ರಿಮ್ಮು ನೆಲಕ್ಕೆ ಬಡಿದು ಟ್ಯೂಬು ಹರಿಯುತ್ತದೆ, ಪೆಟ್ಟು ನೇರವಾಗಿ ಚೌಕಟ್ಟಿಗೂ ತಟ್ಟುತ್ತದೆ. 32ರಿಂದ 38 ಮಿಲಿಮೀಟರಿನ ಟೈರು ಹಿಡಿಯುವಷ್ಟು ಜಾಗವುಳ್ಳ ಚೌಕಟ್ಟನ್ನೇ ಆರಿಸಬೇಕು. ನಮ್ಮ ಸೀಮೆಯವರಿಗೆ ಇನ್ನೊಂದು ಕಾರಣವೂ ಉಂಟು. ಮಳೆಗಾಲದಲ್ಲಿ ಎರೆಮಣ್ಣು ಟೈರಿಗೆ ಮೆತ್ತಿಕೊಂಡು, ಚೌಕಟ್ಟಿನ ಸಂದಿಯಲ್ಲಿ ತುಂಬಿ, ಗಾಲಿಯು ತಿರುಗದಂತೆ ಹಿಡಿದುಬಿಡುತ್ತದೆ. ಹೆಗಲ ಮೇಲೆ ಸೈಕಲ್ ಹೊತ್ತು ಡಾಂಬರು ರಸ್ತೆ ಸೇರಿದ ಅನುಭವ ನಮಗೂ ಉಂಟು. ಟೈರಿಗೂ ಚೌಕಟ್ಟಿಗೂ ನಡುವೆ ಒಂದು ಬೆರಳು ಆಡುವಷ್ಟಾದರೂ ಅಂತರವಿರಬೇಕು.

ಕೊಳ್ಳುವಾಗ ಕೇಳಬೇಕಾದುದು

ಮೊದಲನೆಯದಾಗಿ, ಈ ಚೌಕಟ್ಟು ಎಷ್ಟು ಭಾರಕ್ಕೆ ತಯಾರಾದುದು ಎಂಬುದನ್ನು ಬಾಯಿಮಾತಿನಲ್ಲಿ ಕೇಳದೆ ತಯಾರಕರ ಕೈಪಿಡಿಯಲ್ಲಿ ತೋರಿಸಲು ಹೇಳಬೇಕು. ಆ ಅಂಕಿಯು ಸವಾರನ ತೂಕವೋ ಅಥವಾ ಸೈಕಲ್ಲು, ಚೀಲ, ನೀರು ಸೇರಿದ ಒಟ್ಟು ತೂಕವೋ ಎಂಬುದನ್ನೂ ತಿಳಿಯಬೇಕು. ಎರಡನೆಯದಾಗಿ, ಸುರಕ್ಷತೆಯ ಪರೀಕ್ಷೆಗೆ ಒಳಪಟ್ಟಿದೆಯೇ ಎಂದು ನೋಡಬೇಕು. ಐಎಸ್ಒ 4210 ಎಂಬ ಅಂತರರಾಷ್ಟ್ರೀಯ ಮಾನದಂಡದಲ್ಲಿ ಪೆಡಲ್ ತುಳಿಯುವ ಒತ್ತಡವನ್ನು ಚೌಕಟ್ಟಿಗೆ 1,00,000 ಬಾರಿ ಕೊಟ್ಟು ಪರೀಕ್ಷಿಸುವ ಕ್ರಮವಿದೆ. ಮೂರನೆಯದಾಗಿ, ಮುಂದಿನ ಫೋರ್ಕು ಯಾವುದರಿಂದ ಮಾಡಿದ್ದೆಂದು ಕೇಳಬೇಕು. ಚೌಕಟ್ಟು ಉಕ್ಕಿನದಿದ್ದು ಫೋರ್ಕು ಬೇರೆ ವಸ್ತುವಿನದಿರುವುದುಂಟು. ಫೋರ್ಕು ಮುರಿದರೆ ಸವಾರನು ಮುಖವಡಿಯಾಗಿ ಬೀಳುತ್ತಾನೆ. ಕೊನೆಯದಾಗಿ, ಕ್ಯಾರಿಯರ್ ಮತ್ತು ಮಡ್‌ಗಾರ್ಡ್ ಕೂಡಿಸಲು ಚೌಕಟ್ಟಿನಲ್ಲಿ ತೂತುಗಳಿವೆಯೇ ನೋಡಬೇಕು. ದೂರಪ್ರಯಾಣಕ್ಕೆಂದು ಮಾಡಿದ ಚೌಕಟ್ಟುಗಳಲ್ಲಿ ಇವು ಇರುತ್ತವೆ; ಅವು ಸಾಮಾನು ಹೊರಲೆಂದೇ ಮಾಡಿದವಾದ್ದರಿಂದ ಭಾರವಾದ ದೇಹಕ್ಕೂ ಒಗ್ಗುತ್ತವೆ.

ಹೊಸದನ್ನು ಕೊಳ್ಳುವ ಶಕ್ತಿಯಿಲ್ಲದವರು ಹಳೆಯ 24 ಅಂಗುಲದ ಸೈಕಲ್ಲನ್ನು ಹುಡುಕಿ ದುರಸ್ತಿ ಮಾಡಿಸಿಕೊಳ್ಳಬಹುದು. 1951ರಲ್ಲಿ ಸೋನೆಪತ್‌ನಲ್ಲಿ ಆರಂಭವಾದ ಅಟ್ಲಾಸ್ ಸಂಸ್ಥೆಯು 2020ರ ಜೂನ್‌ನಲ್ಲಿ ತನ್ನ ಸಾಹಿಬಾಬಾದ್ ಕಾರ್ಖಾನೆಯ ಕೆಲಸವನ್ನು ನಿಲ್ಲಿಸಿದ ಸುದ್ದಿ ಓದಿದಾಗ ನಮಗೆ ಖೇದವಾಯಿತು. ಆದರೂ ಅದರ ಸೈಕಲ್ಲುಗಳು, ಹಾಗೆಯೇ ಹರ್ಕ್ಯುಲಿಸ್, ಹೀರೋ ಸೈಕಲ್ಲುಗಳು ಎಷ್ಟೋ ಮನೆಗಳ ಅಟ್ಟದ ಮೇಲೆ, ದನದ ಕೊಟ್ಟಿಗೆಯಲ್ಲಿ ಧೂಳು ತಿನ್ನುತ್ತಿವೆ. ತುಕ್ಕು ಒಳಗೆ ತಿನ್ನದೆ ಇದ್ದರೆ ಅಂಥ ಚೌಕಟ್ಟು ಇನ್ನೊಂದು ತಲೆಮಾರಿಗೆ ಬಾಳುತ್ತದೆ. ವೇಗ ಕಡಿಮೆಯೆಂಬುದು ನಿಜ. ಆರೋಗ್ಯಕ್ಕಾಗಿ ತುಳಿಯುವವನಿಗೆ ಅದೇನೂ ಕೊರತೆಯಲ್ಲ.

ಕೊಂಡ ಮೇಲಿನ ಎಚ್ಚರ

ಎಷ್ಟೇ ಒಳ್ಳೆಯ ಚೌಕಟ್ಟಾದರೂ ತಿಂಗಳಿಗೊಮ್ಮೆ ಒದ್ದೆ ಬಟ್ಟೆಯಿಂದ ಒರಸಿ, ಬ್ಯಾಟರಿಯ ಬೆಳಕಿನಲ್ಲಿ ನೋಡಬೇಕು. ಸೀಟಿನ ಕೊಳವೆಯ ಬಾಯಿ, ಹ್ಯಾಂಡಲಿನ ಹಿಂದೆ ಕೆಳಬಾರು ಕೂಡುವ ಸ್ಥಳ, ಪೆಡಲಿನ ಅಚ್ಚಿನ ಸುತ್ತಲ ಬೆಸುಗೆ, ಹಿಂದಿನ ಗಾಲಿ ಕೂಡುವ ತುದಿ, ಫೋರ್ಕಿನ ಮೇಲ್ತಲೆ: ಈ ಐದು ಜಾಗಗಳನ್ನು ತಪ್ಪದೆ ನೋಡಬೇಕು. ಬಣ್ಣದಲ್ಲಿ ಕೂದಲೆಳೆಯಷ್ಟು ಬಿರುಕು ಕಂಡರೂ, ಅಲ್ಲಿಂದ ತುಕ್ಕಿನ ಗೆರೆ ಇಳಿದಿದ್ದರೂ ಸವಾರಿಯನ್ನು ನಿಲ್ಲಿಸಿ ಬಲ್ಲವರಿಗೆ ತೋರಿಸಬೇಕು. ಹೊಸದಾಗಿ ಕೇಳಿಸುವ ಕಿರುಗುಟ್ಟುವಿಕೆಯನ್ನು ಅಲಕ್ಷಿಸಬಾರದು. ಮಳೆಯಲ್ಲಿ ತೊಯ್ದ ಉಕ್ಕಿನ ಸೈಕಲ್ಲಿನ ಸೀಟನ್ನು ಬಿಚ್ಚಿ, ಬೋರಲು ಮಾಡಿ ನೀರನ್ನು ಹೊರಹಾಕಿ, ಕೊಳವೆಯೊಳಗೆ ತುಸು ಎಣ್ಣೆ ಬಿಡುವುದು ಒಳ್ಳೆಯದು.

ಇನ್ನು ನಮ್ಮ ತರುಣನ ವಿಚಾರ. ಕೈ ಕೂಡಿದ ಮೇಲೆ ಆತನು ಅಳತೆಯ ಚೀಟಿಯನ್ನು ಜೇಬಿನಲ್ಲಿಟ್ಟುಕೊಂಡು ಹುಬ್ಬಳ್ಳಿಗೆ ಹೋಗಿ ವಿಚಾರಿಸಿದನು. ಎರಡು ತಿಂಗಳು ಕಾಯ್ದು ಕ್ರೋಮೋಲಿ ಉಕ್ಕಿನ, 61 ಸೆಂಟಿಮೀಟರಿನ, ದೂರಪ್ರಯಾಣದ ಚೌಕಟ್ಟನ್ನು ತರಿಸಿಕೊಂಡನು. 36 ಕಡ್ಡಿಗಳ ಗಾಲಿ, 35 ಮಿಲಿಮೀಟರಿನ ಟೈರು ಹಾಕಿಸಿದನು. ಮೊದಲ ದಿನ ಅದನ್ನು ಬಸವೇಶ್ವರನ ಗುಡಿಯ ಮುಂದೆ ನಿಲ್ಲಿಸಿದಾಗ ಆತನ ತಾಯಿಯವರು ನಮ್ಮನ್ನೂ ಕರೆಸಿದ್ದರು. ಅವರು ಪೂಜೆಗೆ ಮುಂಚೆ ಸೀಟಿನ ಕೊಳವೆಯ ಬಳಿ ಬಾಗಿ, "ಆ ಗೆರಿ ಒಳಗ ಐತಿಲ್ರೀ ಅಜ್ಜಾರ?" ಎಂದು ಕೇಳಿದರು. ಇತ್ತು. ಆಮೇಲೆಯೇ ಅವರು ವಿಭೂತಿ ಹಚ್ಚಿದರು.

ಅದಾಗಿ ಎರಡು ಮಳೆಗಾಲ ಕಳೆದಿವೆ. ಆತನು ವಾರಕ್ಕೆ ಐದು ದಿನ ಬೆಳಗಿನಲ್ಲಿ ತುಳಿಯುತ್ತಾನೆ. ಸಕ್ಕರೆಯ ಲೆಕ್ಕವು ವೈದ್ಯರಿಗೆ ಬಿಟ್ಟ ವಿಚಾರ; ಔಷಧಿಯನ್ನು ಅವರು ಹೇಳಿದಂತೆ ನಡೆಸಿದ್ದಾನೆ. ಚೌಕಟ್ಟಿನಲ್ಲಿ ಇದುವರೆಗೆ ಬಿರುಕು ಕಂಡಿಲ್ಲ. ಪಟ್ಟಣದ ಅಂಗಡಿಗಳಿಗೆ ಹೋದಾಗ ಈಗ ಆತನು ತಲೆ ತಗ್ಗಿಸುವುದಿಲ್ಲವಂತೆ.

1905ರಲ್ಲಿ ದೇಶದ ಮೊದಲ ಕೃಷಿ ಸಹಕಾರ ಸಂಘವು ಕಣಗಿನಹಾಳದಲ್ಲಿ ಹುಟ್ಟಿದ ತಾಲೂಕು ನಮ್ಮದು. ಊರಿಗೊಂದು ತರುಣ ಸಂಘವು ಕೂಡಿ ಒಂದು ಅಳತೆಯ ಪಟ್ಟಿ, ಒಂದು ಗಾಳಿಪಂಪು, ಕಡ್ಡಿ ಬಿಗಿಯುವ ಕೀಲಿ ಇಟ್ಟುಕೊಂಡರೆ ಎಷ್ಟು ಜನರಿಗೆ ಉಪಕಾರವಾಗಲಾರದು? ಮನೆಯಲ್ಲಿ ಎತ್ತರದ, ಭಾರವಾದ ಮಗನೋ ಮಗಳೋ ಇದ್ದು ಸೈಕಲ್ ಕೇಳಿದರೆ, ಹಿರಿಯರು ನಗದೆ, ಬೆದರದೆ, ಮೊದಲು ಗೋಡೆಗೆ ನಿಲ್ಲಿಸಿ ಅಳತೆ ತೆಗೆದುಕೊಳ್ಳಲಿ ಎಂದು ಪ್ರಾರ್ಥಿಸುತ್ತೇವೆ.